ಪ್ರೌಢಶಾಲೆಯ ಭೂಗೋಳ ಪಾಠ ಮತ್ತು ಕನ್ನಡದ ನೆಲದ ಮಾತು

ಪ್ರೌಢಶಾಲೆಯ ಭೂಗೋಳ ವಿಷಯವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಶಿಕ್ಷಣಶಾಸ್ತ್ರದ ವ್ಯಾಪ್ತಿಯಲ್ಲಿಯೇ ನಡೆಯುತ್ತದೆ. ಯಾವ ತರಗತಿಗೆ ಯಾವ ಪಾಠ, ನಕ್ಷೆಗೆ ಎಷ್ಟು ಅಂಕ, ಪಠ್ಯದ ಹೊರೆ ಎಷ್ಟು ಎಂಬ ಪ್ರಶ್ನೆಗಳು ಅಲ್ಲಿ ಮುಖ್ಯವಾಗುತ್ತವೆ. ಆದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿಯ ಪಾಲಿಗೆ ಭೂಗೋಳದ ಕಲಿಕೆಯೆಂದರೆ ಬಹುಮಟ್ಟಿಗೆ ಪದಗಳ ಕಲಿಕೆ. ಅಕ್ಷಾಂಶ, ಪ್ರಸ್ಥಭೂಮಿ, ಮೆಕ್ಕಲು ಮಣ್ಣು, ಮಳೆನೆರಳಿನ ಪ್ರದೇಶ ಮೊದಲಾದ ನೂರಾರು ಪದಗಳ ಮೂಲಕವೇ ಅವನು ಭೂಮಿಯನ್ನು ಅರಿಯಬೇಕು. ಪದವಿಪೂರ್ವ ಹಂತದಲ್ಲಿ ಭೂಗೋಳ ಐಚ್ಛಿಕ ವಿಷಯವಾದುದರಿಂದ ಹೆಚ್ಚಿನವರಿಗೆ ಹತ್ತನೆಯ ತರಗತಿಯೇ ಈ ವಿಷಯದ ಕೊನೆಯ ಮೆಟ್ಟಿಲು. ಅಲ್ಲಿಯವರೆಗೆ ಅರ್ಥವಾದಷ್ಟೇ ಅವರ ಮುಂದಿನ ಬದುಕಿನ ಭೂಗೋಳ. ಆ ಪದಗಳು ವಿದ್ಯಾರ್ಥಿಯನ್ನು ನೆಲದ ಹತ್ತಿರಕ್ಕೆ ಕರೆದೊಯ್ಯುತ್ತವೆಯೇ, ಅಥವಾ ನೆಲಕ್ಕೂ ಅವನಿಗೂ ನಡುವೆ ನಿಲ್ಲುತ್ತವೆಯೇ ಎಂಬುದನ್ನು ಕೆಲವು ಉದಾಹರಣೆಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂರು ವರ್ಷಗಳ ಚೌಕಟ್ಟು

ರಾಜ್ಯ ಪಠ್ಯಕ್ರಮದ ಸಮಾಜ ವಿಜ್ಞಾನ ಪುಸ್ತಕಗಳಲ್ಲಿ ಭೂಗೋಳದ ಪಾಠಗಳು ಒಂದು ಗೊತ್ತಾದ ಕ್ರಮದಲ್ಲಿ ಸಾಗಿಬಂದಿವೆ. ಎಂಟನೆಯ ತರಗತಿಯಲ್ಲಿ ಇಡೀ ಭೂಮಿ, ಒಂಬತ್ತರಲ್ಲಿ ಕರ್ನಾಟಕ, ಹತ್ತರಲ್ಲಿ ಭಾರತ. ಎಂಟನೆಯ ತರಗತಿಯು ಶಿಲಾಗೋಳ, ವಾಯುಗೋಳ, ಜಲಗೋಳ, ಜೀವಗೋಳ ಎಂಬ ನಾಲ್ಕು ವಿಭಾಗಗಳ ಮೂಲಕ ಭೌತಿಕ ಭೂಗೋಳದ ತತ್ತ್ವಗಳನ್ನು ಪರಿಚಯಿಸುತ್ತದೆ. ಮುಂದಿನ ಎರಡು ವರ್ಷಗಳಲ್ಲಿ ಮೇಲ್ಮೈ ಲಕ್ಷಣ, ವಾಯುಗುಣ, ಮಣ್ಣು, ಅರಣ್ಯ, ಜಲಸಂಪನ್ಮೂಲ, ಬೇಸಾಯ, ಖನಿಜ, ಸಾರಿಗೆ, ಕೈಗಾರಿಕೆ ಎಂಬ ಅನುಕ್ರಮವು ಮೊದಲು ರಾಜ್ಯಕ್ಕೂ ಬಳಿಕ ದೇಶಕ್ಕೂ ಅನ್ವಯವಾಗುತ್ತದೆ. ಮೊದಲು ತತ್ತ್ವ, ಅನಂತರ ಹತ್ತಿರದ ನಿದರ್ಶನ, ಕೊನೆಗೆ ವಿಶಾಲವಾದ ನಿದರ್ಶನ ಎಂಬ ಈ ವ್ಯವಸ್ಥೆ ತರ್ಕಬದ್ಧವಾದುದು. ತೊಡಕು ಇರುವುದು ಕ್ರಮದಲ್ಲಲ್ಲ, ಒಂದು ಮೆಟ್ಟಿಲಿನಿಂದ ಮತ್ತೊಂದಕ್ಕೆ ದಾಟಿಸಬೇಕಾದ ಪದಗಳಲ್ಲಿ.

ರಚಿತ ಪದಗಳು: ಬೆಳಕು ಮತ್ತು ಮಬ್ಬು

ಆಧುನಿಕ ಶಾಸ್ತ್ರಗಳನ್ನು ಕನ್ನಡದಲ್ಲಿ ಹೇಳುವ ಯತ್ನಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1918ರಲ್ಲಿ ಆರಂಭವಾದ ‘ವಿಜ್ಞಾನ’ ಪತ್ರಿಕೆ, 1936ರಲ್ಲಿ ಬಂದ ಶಿವರಾಮ ಕಾರಂತರ ‘ಬಾಲಪ್ರಪಂಚ’, 1946ರಲ್ಲಿ ಪ್ರಕಟವಾದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಈ ದಾರಿಯ ಪ್ರಮುಖ ಘಟ್ಟಗಳು. ಈ ಪರಂಪರೆಯಲ್ಲಿ ಪಾರಿಭಾಷಿಕ ಪದಗಳಿಗೆ ಸಂಸ್ಕೃತವೇ ಮುಖ್ಯ ಆಕರವಾಯಿತು. ಸಂಸ್ಕೃತದಿಂದ ಬಂದಿತೆಂಬ ಕಾರಣಕ್ಕೇ ಒಂದು ಪದ ಕಠಿಣವೆನ್ನಲಾಗದು. ಶಿಲಾಗೋಳ, ವಾಯುಗೋಳ, ಜಲಗೋಳ, ಜೀವಗೋಳ ಎಂಬ ಪದಗಳಲ್ಲಿ ‘ಗೋಳ’ವೆಂಬುದು ನಾಲ್ಕು ಕಡೆಯೂ ಒಂದೇ ಅರ್ಥದಲ್ಲಿ ನಿಲ್ಲುತ್ತದೆ. ಒಂದನ್ನು ಅರಿತವನು ಉಳಿದ ಮೂರನ್ನು ಊಹಿಸಬಲ್ಲ. ಇದು ಪಾರಿಭಾಷಿಕ ಪದರಚನೆಯ ಯಶಸ್ಸು.

ಅಕ್ಷಾಂಶ ಮತ್ತು ರೇಖಾಂಶಗಳ ಸ್ಥಿತಿ ಇದಕ್ಕೆ ಭಿನ್ನವಾದುದು. ಈ ಎರಡನ್ನು ಅದಲುಬದಲು ಮಾಡುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದ ತಪ್ಪು. ಇದನ್ನು ನೆನಪಿನ ದೋಷವೆಂದಷ್ಟೇ ಬಗೆಯುವುದು ಸರಿಯಲ್ಲ. ಭೂಮಿಯ ‘ಅಕ್ಷ’ವು ಉತ್ತರ ದಕ್ಷಿಣ ಧ್ರುವಗಳನ್ನು ಸೇರಿಸುವ ಕಲ್ಪಿತ ರೇಖೆಯೆಂದು ಅವರು ಕಲಿತಿರುತ್ತಾರೆ, ಆದರೆ ‘ಅಕ್ಷಾಂಶ’ ವೃತ್ತಗಳು ಪೂರ್ವ ಪಶ್ಚಿಮವಾಗಿ ಹಬ್ಬಿರುತ್ತವೆ. ‘ರೇಖಾಂಶ’ದಲ್ಲಿರುವ ‘ರೇಖೆ’ಯಾದರೂ ನೆರವಾಗುವುದಿಲ್ಲ, ಏಕೆಂದರೆ ನಕ್ಷೆಯ ಮೇಲೆ ಕಾಣುವುದೆಲ್ಲವೂ ರೇಖೆಯೇ. ಈ ಪದಗಳ ಹಿಂದೆ ಭಾರತೀಯ ಜ್ಯೋತಿಷ ಸಿದ್ಧಾಂತಗಳ ಪರಂಪರೆಯಿದೆ. ಅಲ್ಲಿ ಸ್ಥಳವೊಂದರ ಉತ್ತರ ದಕ್ಷಿಣದ ದೂರವನ್ನು ‘ಅಕ್ಷ’ವೆಂದೂ, ಉಜ್ಜಯಿನಿಯ ಮೂಲಕ ಹಾದುಹೋಗುವ ಪ್ರಧಾನ ರೇಖೆಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಅಂತರವನ್ನು ‘ದೇಶಾಂತರ’ವೆಂದೂ ಕರೆಯಲಾಗುತ್ತಿತ್ತು. ಆ ಹಿನ್ನೆಲೆಯನ್ನು ಬಲ್ಲವರಿಗೆ ಪದ ಮಾತನಾಡುತ್ತದೆ. ಹದಿಮೂರರ ಹರೆಯದ ವಿದ್ಯಾರ್ಥಿಗೆ ಅದು ಮೌನವಾಗಿರುತ್ತದೆ.

ಪದ ಮೌನವಾದಾಗ ಅನುಭವವೇ ಅದಕ್ಕೆ ಅರ್ಥ ತುಂಬಬೇಕಾಗುತ್ತದೆ. ಭಾರತದ ಆದರ್ಶ ಕಾಲಮಾನವನ್ನು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಅನುಸಾರವಾಗಿ ಲೆಕ್ಕ ಹಾಕಲಾಗಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಮಂಗಳೂರು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದ ಬಳಿ ಇದೆ. ವ್ಯತ್ಯಾಸ ಸುಮಾರು ಏಳೂವರೆ ಡಿಗ್ರಿ, ಎಂದರೆ ಅರ್ಧ ಗಂಟೆ. ಆದುದರಿಂದ ಮಂಗಳೂರಿನ ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟು ನೋಡಿದರೆ, ಅದರ ನೆರಳು ಅತ್ಯಂತ ಗಿಡ್ಡವಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಋತುಮಾನವನ್ನು ಅನುಸರಿಸಿ ಇದರಲ್ಲಿ ಕಾಲು ಗಂಟೆಯವರೆಗೆ ಏರಿಳಿತವಿರುತ್ತದೆ. ಈ ನೆರಳನ್ನು ಒಮ್ಮೆ ಅಳೆದ ವಿದ್ಯಾರ್ಥಿಗೆ ರೇಖಾಂಶವೆಂಬುದು ಸಮಯದೊಡನೆ ಸಂಬಂಧವುಳ್ಳದ್ದೆಂಬುದು ಮರೆಯುವುದಿಲ್ಲ.

ಅರ್ಥ ಕದಲಿದ ಪದಗಳು

ಕೆಲವು ಪದಗಳು ಮೌನವಾಗಿರದೆ ಬೇರೊಂದು ಅರ್ಥವನ್ನೇ ಹೇಳುತ್ತವೆ. ‘ಪರ್ಯಾಯ ದ್ವೀಪ’ ಇದಕ್ಕೆ ಉತ್ತಮ ನಿದರ್ಶನ. ಇಂದಿನ ಕನ್ನಡದಲ್ಲಿ ‘ಪರ್ಯಾಯ’ವೆಂದರೆ ಬದಲಿ, ಪರ್ಯಾಯ ಮಾರ್ಗ, ಪರ್ಯಾಯ ವ್ಯವಸ್ಥೆ ಎಂಬ ಪ್ರಯೋಗಗಳು ಪ್ರತಿದಿನ ಕಿವಿಗೆ ಬೀಳುತ್ತವೆ. ಮೂರು ಕಡೆ ನೀರಿರುವ ಭೂಭಾಗ ಯಾವ ದ್ವೀಪಕ್ಕೆ ಬದಲಿ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಹಿಂದಿಯ ‘ಪ್ರಾಯದ್ವೀಪ’ ಮತ್ತು ಮರಾಠಿ, ತೆಲುಗುಗಳ ‘ದ್ವೀಪಕಲ್ಪ’ ಎಂಬ ರೂಪಗಳು ‘ಹೆಚ್ಚುಕಡಿಮೆ ದ್ವೀಪದಂಥದು’ ಎಂಬ ಅರ್ಥವನ್ನು ಸ್ಪಷ್ಟವಾಗಿ ಸೂಚಿಸುತ್ತವೆ. ಕನ್ನಡದ ಪದ ರೂಢಿಯಲ್ಲಿ ಗಟ್ಟಿಯಾಗಿ ನೆಲೆಸಿರುವುದರಿಂದ ಅದನ್ನು ಬದಲಿಸುವುದು ಸುಲಭವಲ್ಲ. ಆದರೆ ಅದರ ಅರ್ಥವನ್ನು ಬಿಡಿಸಿ ಹೇಳದೆ ಪಾಠವನ್ನು ಮುಂದುವರಿಸುವುದೂ ಉಚಿತವಲ್ಲ.

‘ಮೈದಾನ’ದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಕರ್ನಾಟಕವನ್ನು ಕರಾವಳಿ, ಮಲೆನಾಡು, ಮೈದಾನ ಎಂದು ವಿಭಾಗಿಸುವುದು ವಾಡಿಕೆ. ಇಲ್ಲಿ ಮೈದಾನವೆಂದರೆ ಬಯಲುಸೀಮೆ. ಭಾರತದ ಪಾಠದಲ್ಲಿ ಅದೇ ಪದ ಗಂಗಾ ಬಯಲಿಗೆ, ಎಂದರೆ ನದಿಗಳು ಹೊತ್ತುತಂದ ಮೆಕ್ಕಲಿನಿಂದಾದ ಉತ್ತರದ ಮಹಾಮೈದಾನಕ್ಕೆ ಬಳಕೆಯಾಗುತ್ತದೆ. ಆಗ ಕರ್ನಾಟಕದ ಬಯಲುಸೀಮೆಯು ದಖನ್ ಪ್ರಸ್ಥಭೂಮಿಯ ಭಾಗವಾಗಿಬಿಡುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಒಂದು ವರ್ಷ ಮೈದಾನದಲ್ಲಿಯೂ ಮರುವರ್ಷ ಪ್ರಸ್ಥಭೂಮಿಯಲ್ಲಿಯೂ ಇರುತ್ತದೆ. ನೆಲ ಕದಲಿಲ್ಲ, ಪದ ಕದಲಿದೆ. ಮೊದಲನೆಯದು ಮಲೆಗೆ ಎದುರಾಗಿ ಬಯಲನ್ನು ಹೇಳುವ ಜನರ ಮಾತು. ಎರಡನೆಯದು ಭೂರಚನೆಯನ್ನು ಆಧರಿಸಿದ ಶಾಸ್ತ್ರದ ಮಾತು. ಎರಡೂ ಸರಿಯಾದುವೇ. ಒಂಬತ್ತನೆಯ ತರಗತಿಯಲ್ಲಿ ‘ಬಯಲುಸೀಮೆ’ ಎಂಬ ಹೆಸರನ್ನೇ ಮುಖ್ಯವಾಗಿ ಬಳಸಿದ್ದರೆ ಈ ಗೊಂದಲಕ್ಕೆ ಎಡೆಯಿರುತ್ತಿರಲಿಲ್ಲ.

ನೆಲದಿಂದ ಬಂದ ಪದಗಳು

ಪಠ್ಯದ ಪದಗಳಲ್ಲೆಲ್ಲ ಇಂತಹ ತೊಡಕಿಲ್ಲ. ‘ಜಂಬಿಟ್ಟಿಗೆ ಮಣ್ಣು’ ಎಂಬ ಹೆಸರಿನೊಳಗೆ ‘ಇಟ್ಟಿಗೆ’ ಇದೆ. ಕರಾವಳಿಯಲ್ಲಿ ಕೆಂಪುಕಲ್ಲು, ಮುರಕಲ್ಲು, ಚಿರೆಕಲ್ಲು ಎಂದು ಕರೆಯುವ ಈ ಕಲ್ಲನ್ನು ನೆಲದಿಂದ ಕಡಿದು ತೆಗೆಯುವಾಗ ಮೆದುವಾಗಿರುತ್ತದೆ, ಗಾಳಿಗೆ ತೆರೆದಿಟ್ಟ ಬಳಿಕ ಗಡುಸಾಗುತ್ತದೆ. ಆದ್ದರಿಂದಲೇ ಅದು ಮನೆಯ ಗೋಡೆಗೆ ಒದಗಿದೆ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನಿಟ್ಟನು. ಅದರ ಮೂಲವಾದ ಲ್ಯಾಟಿನ್ ಪದಕ್ಕೂ ಇಟ್ಟಿಗೆಯೆಂದೇ ಅರ್ಥ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಶಾಸ್ತ್ರೀಯ ಪದವೊಂದು ಈ ತೀರದ ಜನರ ಮನೆಕಟ್ಟುವ ರೀತಿಯಿಂದ ಹುಟ್ಟಿತೆಂಬ ಸಂಗತಿ ಕರಾವಳಿಯ ವಿದ್ಯಾರ್ಥಿಗೆ ಪಾಠದೊಡನೆಯೇ ತಿಳಿಯಬೇಕಾದುದು.

ಕಪ್ಪು ಮಣ್ಣು ಮತ್ತು ಕೆಂಪು ಮಣ್ಣುಗಳನ್ನು ಉತ್ತರ ಕರ್ನಾಟಕದ ರೈತರು ಎರೆ, ಮಸಾರಿ ಎಂದು ಗುರುತಿಸುತ್ತಾರೆ. ಪುಸ್ತಕದ ಹೆಸರುಗಳು ಬಣ್ಣವನ್ನು ಹೇಳುತ್ತವೆ. ಹೊಲದ ಹೆಸರುಗಳ ಹಿಂದೆ ಬೇಸಾಯದ ಇಡೀ ತಿಳಿವಳಿಕೆಯಿದೆ. ಬಸಾಲ್ಟ್ ಶಿಲೆಯ ಶಿಥಿಲೀಕರಣದಿಂದ ಉಂಟಾದ ಕಪ್ಪು ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಅದು ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ, ಬೇಸಗೆಯಲ್ಲಿ ಬಿರುಕು ಬಿಡುತ್ತದೆ ಎಂದು ಮಣ್ಣಿನ ಪಾಠ ತಿಳಿಸುತ್ತದೆ. ಜೋಳವನ್ನು ಹಿಂಗಾರಿನಲ್ಲಿಯೂ ಬೆಳೆಯುತ್ತಾರೆಂದು ಬೇಸಾಯದ ಪಾಠ ಬೇರೆಯಾಗಿ ತಿಳಿಸುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಬಿತ್ತಿದ ಜೋಳ, ಮುಂದೆ ಮಳೆಯಿಲ್ಲದಿದ್ದರೂ ಮಣ್ಣಿನೊಳಗಣ ತೇವದಿಂದಲೇ ಬೆಳೆದು ಚಳಿಗಾಲದ ಕೊನೆಗೆ ಕೊಯ್ಲಿಗೆ ಬರುವುದು ಎರೆ ಹೊಲದಲ್ಲಿ. ಬೇಗ ಆರಿಹೋಗುವ ಮಸಾರಿಯಲ್ಲಿ ಅದು ಕಷ್ಟ. ‘ಎರೆ’ ಎಂಬ ಒಂದು ಪದದಲ್ಲಿ ಮಣ್ಣು, ಮಳೆ, ಬೆಳೆ ಮೂರೂ ಕೂಡಿವೆ. ವಿಜಯಪುರದ ಕಡೆಯ ವಿದ್ಯಾರ್ಥಿಗೆ ಇದು ಮನೆಯಲ್ಲಿಯೇ ಗೊತ್ತು. ತಾನು ಬಲ್ಲ ಎರೆಯೇ ಪುಸ್ತಕದ ಕಪ್ಪು ಮಣ್ಣು ಎಂದು ಯಾರೂ ತೋರಿಸಿಕೊಡದಿದ್ದರೆ, ಅವನು ತನ್ನ ಹೊಲದ ಗುಣಗಳನ್ನೇ ಅಪರಿಚಿತ ಸಂಗತಿಯೆಂಬಂತೆ ಬಾಯಿಪಾಠ ಮಾಡಬೇಕಾಗುತ್ತದೆ.

ಮಳೆಯ ಹೆಸರು, ಮಳೆಯ ಕಾರಣ

ಮಳೆಯ ವಿಷಯದಲ್ಲಿ ಜನಪದ ಪದಸಂಪತ್ತು ಇನ್ನೂ ವಿಸ್ತಾರವಾದುದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಗೆ ಒಂದೊಂದು ಮಳೆಯ ಹೆಸರಿದೆ: ರೋಹಿಣಿ, ಮೃಗಶಿರಾ, ಆರಿದ್ರಾ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲಾ ಜೋಳ ಎಂಬ ಗಾದೆ ಬಿತ್ತನೆಯ ಕಾಲವನ್ನೇ ನಿರ್ದೇಶಿಸುತ್ತದೆ. ಇಲ್ಲಿ ಗಮನಾರ್ಹವಾದುದೆಂದರೆ ಈ ಹೆಸರುಗಳೂ ಮೂಲತಃ ಸಂಸ್ಕೃತದವೇ. ಆರ್ದ್ರಾ ಆರಿದ್ರಾ ಆಗಿದೆ, ಪೂರ್ವಾ ಹುಬ್ಬೆಯಾಗಿದೆ, ಚಿತ್ರಾ ಚಿತ್ತೆಯಾಗಿದೆ. ಶತಮಾನಗಳ ಬಳಕೆಯಲ್ಲಿ ಸವೆದು ಅವು ಕನ್ನಡದ ರೈತನ ಪದಗಳಾಗಿವೆ. ಆದ್ದರಿಂದ ಪಾರಿಭಾಷಿಕ ಪದಗಳ ಸಮಸ್ಯೆಯನ್ನು ಸಂಸ್ಕೃತ ಮತ್ತು ಕನ್ನಡಗಳ ನಡುವಣ ವಿವಾದವನ್ನಾಗಿ ಮಾತ್ರ ನೋಡುವುದು ಸಾಲದು. ಪದ ಯಾವ ಭಾಷೆಯದೆಂಬುದಕ್ಕಿಂತ ಅದು ಬಳಕೆಗೆ ಇಳಿದಿದೆಯೇ ಎಂಬುದು ಮುಖ್ಯ.

ಇಷ್ಟಾದರೂ ಜನಪದ ತಿಳಿವಳಿಕೆಯೇ ಸಾಕೆಂದು ಹೇಳುವಂತಿಲ್ಲ. ಮಳೆನಕ್ಷತ್ರಗಳು ಕಾಲವನ್ನು ಹೇಳುತ್ತವೆ, ಕಾರಣವನ್ನಲ್ಲ. ಋತುಗಳು ಸೂರ್ಯನ ಉತ್ತರ ದಕ್ಷಿಣ ಚಲನೆಯನ್ನು ಅನುಸರಿಸಿದರೆ ನಕ್ಷತ್ರಗಣನೆ ಸ್ಥಿರ ನಕ್ಷತ್ರಗಳನ್ನು ಅನುಸರಿಸುವುದರಿಂದ, ಸುಮಾರು 72 ವರ್ಷಗಳಿಗೆ ಒಂದು ದಿನದಷ್ಟು ಇವೆರಡೂ ಪರಸ್ಪರ ಸರಿಯುತ್ತವೆ. ಬೇಸಗೆಯಲ್ಲಿ ಭೂಭಾಗ ಸಮುದ್ರಕ್ಕಿಂತ ಬೇಗ ಕಾಯುವುದು, ಅಲ್ಲಿ ಒತ್ತಡ ತಗ್ಗುವುದು, ತೇವ ತುಂಬಿದ ಗಾಳಿ ನೈರುತ್ಯದಿಂದ ಬೀಸುವುದು, ಘಟ್ಟಕ್ಕೆ ತಡೆದು ಮೇಲೇರಿ ತಣಿದು ಮಳೆಗರೆಯುವುದು, ಇವುಗಳನ್ನು ವಿವರಿಸಲು ಶಾಸ್ತ್ರವೇ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುವಾಗ ಪೂರ್ವಕ್ಕಿರುವ ಚಳ್ಳಕೆರೆಯ ಸೀಮೆಯಲ್ಲಿ ಅದರ ಹತ್ತನೆಯ ಒಂದು ಪಾಲೂ ಬೀಳದಿರುವುದು ಈ ಕಾರಣದಿಂದ. ಆ ಸೀಮೆಯನ್ನು ಪಠ್ಯಗಳು ‘ಮಳೆನೆರಳಿನ ಪ್ರದೇಶ’ವೆಂದು ಕರೆಯುತ್ತವೆ. ಬೆಟ್ಟವೇ ಮಳೆಗೆ ಮರೆಯಾಗಿ ನಿಂತ ಚಿತ್ರವನ್ನು ಕಣ್ಣಮುಂದೆ ತರುವ ಈ ಪದವು ಶಾಸ್ತ್ರಕ್ಕೂ ನಿಷ್ಠವಾಗಿದೆ, ಕನ್ನಡಕ್ಕೂ ಸಹಜವಾಗಿದೆ. ಹೊಸ ಪದ ಹೇಗಿರಬೇಕೆಂಬುದಕ್ಕೆ ಇದೇ ಮಾದರಿ.

ಸಮಾರೋಪ

ಇಡೀ ರಾಜ್ಯಕ್ಕೆ ಒಂದೇ ಪಠ್ಯವಿರುವಾಗ ಪ್ರತಿಯೊಂದು ಸೀಮೆಯ ಪದವನ್ನೂ ಅದರಲ್ಲಿ ಅಚ್ಚು ಹಾಕಲಾಗದೆಂಬ ಆಕ್ಷೇಪಣೆ ನ್ಯಾಯವಾದುದೇ. ಎರೆ ಎಂಬ ಪದ ಕರಾವಳಿಯ ವಿದ್ಯಾರ್ಥಿಗೂ ಮುರಕಲ್ಲು ಎಂಬ ಪದ ಬೀದರಿನ ವಿದ್ಯಾರ್ಥಿಗೂ ಹೊಸತೇ ಆಗಬಹುದು. ಪರೀಕ್ಷೆಗೂ ಮುಂದಿನ ಓದಿಗೂ ಏಕರೂಪದ ಪಾರಿಭಾಷಿಕ ಪದಗಳು ಅವಶ್ಯಕ. ಆದುದರಿಂದ ಪಾರಿಭಾಷಿಕ ಪದವನ್ನು ಕೈಬಿಡಬೇಕಾಗಿಲ್ಲ. ಅದನ್ನು ತಲುಪುವ ದಾರಿ ಆಯಾ ಸೀಮೆಯ ಪದದಿಂದ ಹೊರಡಬೇಕು. ಪಾಠದ ಆರಂಭದಲ್ಲಿ ‘ಈ ಮಣ್ಣನ್ನು ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ?’ ಎಂದು ಕೇಳುವುದಕ್ಕೆ ಹೊಸ ಪಠ್ಯಪುಸ್ತಕವೇನೂ ಬೇಕಾಗಿಲ್ಲ. ಆ ಉತ್ತರಗಳನ್ನು ಜಿಲ್ಲೆವಾರು ಸಂಗ್ರಹಿಸಿ ಪಾರಿಭಾಷಿಕ ಪದಗಳೊಡನೆ ಹೊಂದಿಸಿದ ಕಿರು ಪದಕೋಶಗಳನ್ನು ಶಿಕ್ಷಕರ ಕೈಗಿಡುವುದು ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡನ್ನು ಗುರುತಿಸಿದ್ದು ಎರಡು ನದಿಗಳ ಹೆಸರಿನಿಂದ. ಭಾಷೆ ಮತ್ತು ಭೂಗೋಳಗಳ ನಂಟು ಕನ್ನಡದಲ್ಲಿ ಅಷ್ಟು ಹಳೆಯದು. ಮಳೆನಕ್ಷತ್ರಗಳ ಹೆಸರು ಗೊತ್ತಿಲ್ಲದ ಮಕ್ಕಳು ಪಟ್ಟಣಗಳಲ್ಲಿ ಮಾತ್ರವಲ್ಲದೆ ಹಳ್ಳಿಗಳಲ್ಲಿಯೂ ಹೆಚ್ಚುತ್ತಿರುವ ಈ ಕಾಲದಲ್ಲಿ, ಆ ನಂಟನ್ನು ಉಳಿಸಬಲ್ಲ ಕೊನೆಯ ಸಾರ್ವತ್ರಿಕ ತಾಣ ಪ್ರೌಢಶಾಲೆಯ ಭೂಗೋಳ ತರಗತಿಯೇ ಆಗಿದೆ. ವಿದ್ಯಾರ್ಥಿ ಅಲ್ಲಿಂದ ಹೊರಬರುವಾಗ ಕಪ್ಪು ಮಣ್ಣಿನ ಲಕ್ಷಣಗಳನ್ನು ಬರೆಯಬಲ್ಲವನಾಗಿರಬೇಕು; ತನ್ನ ಹೊಲದಲ್ಲಿ ನಿಂತಾಗ ಅವನ್ನು ಗುರುತಿಸಬಲ್ಲವನೂ ಆಗಿರಬೇಕು.