ಅಜ್ಜಿ ಮನೆ ಕಂಬ ಯಾಕೆ ಮುರೀತು? ಪನೋರಮಾಗೆ ಏನು ಕೊಳ್ಳಬೇಕು, ಏನು ಬೇಡ

(ಈ ವಾರದ ಸಂಚಿಕೆಯ ಬರಹ ರೂಪ)

ಇವತ್ತು ಸ್ವಲ್ಪ ಕ್ಯಾಮೆರಾ ಮಾತು. ವಾಯ್ಸ್ ನೋಟ್‌ಗಳಲ್ಲಿ ಪದೇ ಪದೇ ಬರ್ತಿರೋ ಪ್ರಶ್ನೆ: "ಅಣ್ಣ, ಪನೋರಮಾ ತೆಗೀಬೇಕು, 360 ಕ್ಯಾಮೆರಾ ಇಎಂಐನಲ್ಲಿ ತಗೊಳ್ಳಲಾ?" ತಗೋಬೇಡಿ ಅಂತ ನಾನು ಹೇಳಲ್ಲ. ಅದಕ್ಕೂ ಮುಂಚೆ ನನ್ನದೊಂದು ಎಡವಟ್ಟು ಕೇಳಿ.

ಹಾಸನದ ಕಡೆ ನಮ್ಮ ಅಜ್ಜಿ ಮನೆ ಹಳೇ ತೊಟ್ಟಿಮನೆ. ಪಾಲಾಯ್ತು, ಮನೆ ಕೆಡವೋದು ಅಂತ ತೀರ್ಮಾನ ಆಯ್ತು. ಕೆಡವೋ ಮುಂಚೆ ಒಂದು ಸಲ ಪೂರ್ತಿ ತೊಟ್ಟಿ ಒಂದೇ ಫೋಟೋದಲ್ಲಿ ಹಿಡೀಬೇಕು ಅಂತ ಹೋದೆ. ಫೋನಿನ ಪನೋರಮಾ ಮೋಡ್ ಆನ್ ಮಾಡಿ, ನಡುವೆ ನಿಂತು ಒಂದು ಸುತ್ತು ತಿರುಗಿದೆ. ದೊಡ್ಡಪ್ಪನಿಗೆ ತೋರಿಸಿದ್ರೆ, "ಏನ್ಲಾ ಮಗ, ನಾವಿನ್ನೂ ಕೆಡವೇ ಇಲ್ಲ, ನೀನಾಗ್ಲೇ ಕಂಬ ಮುರಿದಿದ್ದೀಯಲ್ಲ" ಅಂದ್ರು. ನಿಜ. ಹತ್ತಿರದ ಎರಡು ಕಂಬ ಮಧ್ಯಕ್ಕೆ ತುಂಡಾಗಿ ಪಕ್ಕಕ್ಕೆ ಸರಿದಿದ್ವು.

ಫೋನ್ ಕೆಟ್ಟದಲ್ಲ. ಇದೇ ಫೋನಲ್ಲಿ ಹಂಪಿಯ ಮಾತಂಗ ಬೆಟ್ಟದ ಮೇಲಿಂದ ತೆಗೆದ ಪನೋರಮಾ ಚೆನ್ನಾಗೇ ಬಂದಿತ್ತು. ಹಾಗಾದ್ರೆ ಇಲ್ಲೇನಾಯ್ತು? ಒಂದು ಕೆಲಸ ಮಾಡಿ. ಹೆಬ್ಬೆರಳು ಮುಖದ ಮುಂದೆ ಹಿಡ್ಕೊಂಡು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಬೆರಳು ಹಿಂದಿನ ಗೋಡೆ ಮೇಲೆ ಅತ್ತಿಂದಿತ್ತ ಹಾರುತ್ತೆ, ಅಲ್ವಾ? ಇದೇ ಪ್ಯಾರಲಾಕ್ಸ್. ಕೈ ಚಾಚಿ ಫೋನ್ ಹಿಡಿದು ನಾವು ತಿರುಗಿದಾಗ ಲೆನ್ಸ್ ನಿಂತಲ್ಲೇ ತಿರುಗಲ್ಲ, ನಮ್ಮ ಸುತ್ತ ಒಂದು ವೃತ್ತದಲ್ಲಿ ಓಡಾಡುತ್ತೆ. ಬೆಟ್ಟದ ಮೇಲೆ ಎಲ್ಲಾ ದೂರ ಇರೋದ್ರಿಂದ ಆ ವ್ಯತ್ಯಾಸ ಗೊತ್ತಾಗಲ್ಲ. ತೊಟ್ಟಿಮನೆಯಲ್ಲಿ ಕಂಬ ಮೂರು ಅಡಿ ದೂರ, ಗೋಡೆ ಹದಿನೈದು ಅಡಿ ದೂರ. ಸಾಫ್ಟ್‌ವೇರ್ ಗೋಡೆ ಜೋಡಿಸಿದ್ರೆ ಕಂಬ ಮುರಿಯುತ್ತೆ, ಕಂಬ ಜೋಡಿಸಿದ್ರೆ ಗೋಡೆ.

ಇದಕ್ಕೆ ಖರ್ಚಿಲ್ಲದ ಉಪಾಯ ಒಂದಿದೆ. ದಾರಕ್ಕೆ ಒಂದು ನಟ್ಟು ಕಟ್ಟಿ, ಫೋನಿನ ಲೆನ್ಸ್ ಪಕ್ಕದಿಂದ ಇಳಿಬಿಡಿ. ನೆಲದ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ನಟ್ಟು ನಾಣ್ಯದ ಮೇಲೇ ಇರೋ ಹಾಗೆ ನೋಡ್ಕೊಂಡು, ಫೋನಿನ ಸುತ್ತ ನೀವು ತಿರುಗಿ. ಪನೋರಮಾ ಮೋಡ್ ಬಿಟ್ಟು ಫೋನ್ ಉದ್ದಕ್ಕೆ ಹಿಡಿದು ಬಿಡಿ ಫೋಟೋ ತೆಗೀರಿ, ಕಂಪ್ಯೂಟರಲ್ಲಿ ಜೋಡಿಸಿ. ನೋಡೋರು ನಗ್ತಾರೆ, ನಗಲಿ ಬಿಡಿ.

ನಾನು ಮುಂದಿನ ಭಾನುವಾರ ಗೆಳೆಯನ ಡಿಎಸ್‌ಎಲ್‌ಆರ್, ಜೊತೆಗೆ ಬರೋ 18-55 ಲೆನ್ಸ್, ಟ್ರೈಪಾಡ್, ಒಂದು ಪನೋರಮಾ ಹೆಡ್ ಎರವಲು ತಗೊಂಡು ಹೋದೆ. ಹೆಡ್ ಅಂದ್ರೆ ಕ್ಯಾಮೆರಾವನ್ನ ಹಿಂದೆ ಮುಂದೆ ಸರಿಸೋಕೆ ಆಗೋ ಒಂದು ಪಟ್ಟಿ, ಕೆಳಗೆ ಡಿಗ್ರಿ ಗುರುತು. ಟ್ರೈಪಾಡ್ ಸ್ಕ್ರೂ ಕ್ಯಾಮೆರಾದ ಹೊಟ್ಟೆಗೆ ಕೂರುತ್ತೆ, ಆದ್ರೆ ತಿರುಗಬೇಕಾದ ಬಿಂದು ಇರೋದು ಅದಕ್ಕಿಂತ ಮುಂದೆ, ಸಾಮಾನ್ಯವಾಗಿ ಲೆನ್ಸ್ ಒಳಗೆ. ಹಾಗಾಗಿ ಕ್ಯಾಮೆರಾವನ್ನ ಹಿಂದಕ್ಕೆ ಸರಿಸಬೇಕು. ಎಷ್ಟು? ಹತ್ತಿರದ ಒಂದು ಕಂಬ, ದೂರದ ಒಂದು ಬಾಗಿಲ ಚೌಕಟ್ಟು ಒಂದೇ ಗೆರೆಯಲ್ಲಿ ಕಾಣೋ ಹಾಗೆ ನಿಲ್ಲಿಸಿ. ಕ್ಯಾಮೆರಾ ಎಡಕ್ಕೆ ಬಲಕ್ಕೆ ತಿರುಗಿಸಿ. ಅವೆರಡರ ನಡುವೆ ಸಂದು ಬಿಟ್ರೆ ಇನ್ನೂ ಸರಿಸಿ. ಸಂದು ಬಿಡದೇ ಇರೋ ಜಾಗ ಸಿಕ್ತು ಅಂದ್ರೆ ಅಲ್ಲೊಂದು ಟೇಪ್ ಗುರುತು ಹಾಕಿ. ಜೂಮ್ ಬದಲಾಯಿಸಿದ್ರೆ ಗುರುತು ಮತ್ತೆ ಹುಡುಕಬೇಕು, ಅದಕ್ಕೇ 18ರಲ್ಲೇ ಬಿಟ್ಟೆ.

ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿದ್ರೆ 18 ಎಂಎಂನಲ್ಲಿ ಅಡ್ಡಕ್ಕೆ ಸುಮಾರು 47 ಡಿಗ್ರಿ ಕಾಣುತ್ತೆ. ಗಡಿಯಾರದ ಗಂಟೆಗಳ ಹಾಗೆ 30 ಡಿಗ್ರಿಗೊಂದು, ಒಟ್ಟು 12 ಫೋಟೋ. ಪಕ್ಕಪಕ್ಕದ ಫೋಟೋಗಳು ಮೂರನೇ ಒಂದು ಭಾಗ ಒಂದರ ಮೇಲೊಂದು ಬರ್ತವೆ, ಜೋಡಿಸೋಕೆ ಅಷ್ಟು ಸಾಕು. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರೂ ಆಟೋ ಇಂದ ತೆಗೆದು ಲಾಕ್ ಮಾಡಿ. ಇಲ್ಲಾಂದ್ರೆ ಒಂದು ಗೋಡೆ ಹಳದಿ, ಮುಂದಿನದು ನೀಲಿ. ಬಿಸಿಲು ತೊಟ್ಟಿಗೆ ಇಳಿಯೋ ಮುಂಚೆ, ಬೆಳಿಗ್ಗೆ ಬೇಗ, ರಾ ಫೈಲ್‌ನಲ್ಲಿ ತೆಗೆದೆ. ಬಿಸಿಲು ಇಳಿದ್ಮೇಲೆ ತೊಟ್ಟಿ ಪೂರ್ತಿ ಬಿಳಿ, ಜಗಲಿ ಪೂರ್ತಿ ಕಪ್ಪು.

ಸಾಫ್ಟ್‌ವೇರ್: ಹ್ಯೂಗಿನ್. ಉಚಿತ, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ಮುಖ ನೋಡಿದ್ರೆ ಟ್ಯಾಲಿಗಿಂತ ಹಳೇದು ಅನ್ಸುತ್ತೆ, ಹೆದರಬೇಡಿ. ಎರಡು ಫೋಟೋಗಳಲ್ಲಿರೋ ಒಂದೇ ಚುಕ್ಕಿಗಳನ್ನ ತಾನೇ ಹುಡುಕಿ ಜೋಡಿಸುತ್ತೆ, ತಪ್ಪಾದ್ರೆ ನೀವು ತಿದ್ದಬಹುದು. ಅಜ್ಜಿ ಜಗಲಿ ಮೇಲೆ ಕೂತಿದ್ರು, ಎರಡು ಫೋಟೋದಲ್ಲಿ ತಲೆ ಎರಡು ಕಡೆ ತಿರುಗಿತ್ತು. ಒಂದರಲ್ಲಿ ಮಾಸ್ಕ್ ಹಾಕಿ 'ಈ ಅಜ್ಜೀನೇ ಇರಲಿ' ಅಂತ ಹೇಳಿದೆ, ಉಳಿಸ್ಕೊಳ್ತು. ಪಿಟಿಗೂಯಿ ಅನ್ನೋದು ಇದಕ್ಕಿಂತ ವೇಗ, ಸಲೀಸು, ಆದ್ರೆ ದುಡ್ಡು ಕೊಡಬೇಕು. ಲೈಟ್‌ರೂಮ್ ಈಗಾಗ್ಲೇ ಇದ್ರೆ ಅದರ ಫೋಟೋ ಮರ್ಜ್ ಸಾಕು. ಹಳೇ ವಿಡಿಯೋಗಳಲ್ಲಿ ಮೈಕ್ರೋಸಾಫ್ಟ್ ಐಸಿಇ ಹೊಗಳ್ತಾರೆ. ಕಂಪನಿಯೇ ಅದನ್ನ ಕೈಬಿಟ್ಟಿದೆ, ಸಿಕ್ಕ ಸಿಕ್ಕ ಸೈಟಿಂದ ಇಳಿಸ್ಕೋಬೇಡಿ.

ಈಗ 360 ಕ್ಯಾಮೆರಾ. ಬಿಕಾಂ ಬುದ್ಧಿ, ಬೆಲೆಯನ್ನ ಎಷ್ಟು ಸಲ ಬಳಸ್ತೀನೋ ಅದರಿಂದ ಭಾಗಿಸ್ತೀನಿ. ಬಾಡಿಗೆ ಮನೆ, ಪಿಜಿ, ಹೋಂಸ್ಟೇಗಳಿಗೆ ವಾರಕ್ಕೆ ನಾಲ್ಕು ವರ್ಚುವಲ್ ಟೂರ್ ಮಾಡಿಕೊಟ್ಟು ದುಡೀತೀರಾ? ತಗೊಳ್ಳಿ. ಒಂದು ಕ್ಲಿಕ್‌ನಲ್ಲಿ ಸೂರು, ನೆಲ ಎಲ್ಲಾ ಬರುತ್ತೆ. ನನ್ನ 12 ಫೋಟೋದಲ್ಲಿ ಸೂರು ಪೂರ್ತಿ ಬಂದಿಲ್ಲ, ಅದಕ್ಕೆ ಮೇಲಕ್ಕೆ ಬಾಗಿಸಿ ಇನ್ನೊಂದು ಸಾಲು ತೆಗೀಬೇಕಿತ್ತು. ಈಗ ಹೊಟ್ಟೆ ಉರಿಯುತ್ತೆ. ಆದ್ರೆ ಗೋಡೆಗೆ ದೊಡ್ಡ ಪ್ರಿಂಟ್ ಬೇಕು ಅಂದ್ರೆ, 12 ಫೋಟೋ ಜೋಡಿಸಿದ್ದರಲ್ಲಿ ಸಿಗೋ ವಿವರ ಆ ಪುಟ್ಟ ಎರಡು ಲೆನ್ಸ್‌ನಲ್ಲಿ ಸಿಗಲ್ಲ. ವರ್ಷಕ್ಕೆ ಎರಡು ಟ್ರಿಪ್‌ಗೆ ಇಎಂಐ ಅಂತೂ ಬೇಡ್ವೇ ಬೇಡ.

ಪ್ರಿಂಟ್ ಈಗ ದೊಡ್ಡಪ್ಪನ ಹೊಸ ಮನೆ ಹಾಲ್‌ನಲ್ಲಿದೆ. ಬಂದ ದಿನ ಅವರು ಕನ್ನಡಕ ಹಾಕ್ಕೊಂಡು ಮೊದಲು ಕಂಬ ಎಣಿಸಿದ್ರು. ರಾ ಫೈಲ್‌ಗಳು ನನ್ನ ಹತ್ರ ಎರಡು ಹಾರ್ಡ್ ಡಿಸ್ಕ್‌ನಲ್ಲಿವೆ, ಇನ್ನೊಂದು ಕಾಪಿ ತಂಗಿ ಲ್ಯಾಪ್‌ಟಾಪ್‌ನಲ್ಲಿ. ಅಲ್ಲಿ ಈಗ ಮನೆ ಇಲ್ಲ, ಬರೀ ತಳಪಾಯದ ಕಲ್ಲು.