ಕಾಣದ ಬೆಳಕಿಗೆ ಕಾಣುವ ಮಸಿ

ಉಡುಪಿಯ ಮಠದಲ್ಲಿರುವ ಸರ್ವಮೂಲ ಗ್ರಂಥಗಳ ಓಲೆಪ್ರತಿಗೆ ಸುಮಾರು 700 ವರ್ಷ. ಮಧ್ವಾಚಾರ್ಯರ 36 ಕೃತಿಗಳು ಸುಮಾರು 340 ಗರಿಗಳಲ್ಲಿವೆ. ಗರಿಗಳು ಕಪ್ಪಿಟ್ಟು, ಓದುವುದೇ ಕಷ್ಟವಾಗಿತ್ತು. 2005ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವುಗಳನ್ನು ಅತಿಗೆಂಪು ಬೆಳಕಿನಲ್ಲಿ ಚಿತ್ರಿಸಿಕೊಂಡರು. ಆ ಬೆಳಕಿನಲ್ಲಿ ಗರಿ ತಿಳಿಯಾಗಿ, ಅಕ್ಷರ ಎದ್ದು ಕಂಡಿತು. ಒಂದೊಂದು ಗರಿಯನ್ನೂ ಭಾಗಭಾಗವಾಗಿ ಚಿತ್ರಿಸಿ, ಕಂಪ್ಯೂಟರಿನಲ್ಲಿ ಜೋಡಿಸಿದರು.

ಇದು ಸಾಧ್ಯವಾದದ್ದು ಮಸಿಯ ಗುಣದಿಂದ. ಕಂಟದಿಂದ (ಲೋಹದ ಮೊನೆಯ ಲೇಖನಿಯಿಂದ) ಕೊರೆದ ಗೀರಿಗೆ ದೀಪದ ಕಾಡಿಗೆ ತಿಕ್ಕಿ ಒರೆಸುವುದು ನಮ್ಮ ಓಲೆಗರಿಯ ಪದ್ಧತಿ. ಈಜಿಪ್ಟಿನವರು ಅದೇ ಕಾಡಿಗೆಗೆ ಗೋಂದು, ನೀರು ಕಲಸಿ ಪಪೈರಸ್ಸಿನ ಮೇಲೆ ಬರೆದರು. ಕಾಡಿಗೆಯೆಂದರೆ ಇಂಗಾಲ. ಅದು ಬಿಸಿಲಿಗೆ ಮಾಸದು, ಹಾಳೆಯನ್ನು ತಿನ್ನದು. ಅತಿಗೆಂಪು ಬೆಳಕನ್ನೂ ಹೀರಿ ಕಪ್ಪಾಗಿಯೇ ಉಳಿಯುತ್ತದೆ. ಮಾಚಿಕಾಯಿ, ಅನ್ನಭೇದಿ ಸೇರಿಸಿ ಮಾಡಿದ ಶಾಯಿಯಾದರೋ ಅದೇ ಬೆಳಕಿನಲ್ಲಿ ಮಸುಕಾಗುತ್ತ ಹೋಗಿ, ಕೊನೆಗೆ ಕಾಣದಾಗುತ್ತದೆ. ಹಸ್ತಪ್ರತಿಯನ್ನು ಕೆರೆಯದೆ ಎರಡನ್ನೂ ಬೇರ್ಪಡಿಸುವ ಮೊದಲ ಪರೀಕ್ಷೆ ಇದು. ಆಮೇಲೆ ರಾಮನ್ ರೋಹಿತ: ಲೇಸರ್ ಬೆಳಕು ಚೆಲ್ಲಿದರೆ ಕಾಡಿಗೆ 1350 ಮತ್ತು 1590 cm⁻¹ ಆಸುಪಾಸಿನಲ್ಲಿ ಎರಡು ಅಗಲವಾದ ದಿಬ್ಬಗಳನ್ನು ತೋರಿಸುತ್ತದೆ.

ಕಷ್ಟ ಇರುವುದು ಎಕ್ಸ್‌ರೇಯಲ್ಲಿ. ಇಂಗಾಲ ಹಗುರ ಧಾತು; ಎಕ್ಸ್‌ರೇಗೆ ಸುಲಭವಾಗಿ ಕಾಣದು. ಪಪೈರಸ್, ಚರ್ಮ, ಗರಿಗಳಲ್ಲೂ ಅದೇ ಇದೆ. ಆಗ ಮಸಿಯಲ್ಲಿ ಬೆರೆತ ಇತರ ಧಾತುಗಳೇ ಸಾಕ್ಷಿ. ಮೃತ ಸಮುದ್ರದ ನೀರಿನಲ್ಲಿ ಬ್ರೋಮಿನ್ ಹೆಚ್ಚು. ಅಲ್ಲಿ ಸಿಕ್ಕ ಪ್ರಾಚೀನ ಹಸ್ತಪ್ರತಿ ಸುರುಳಿಯೊಂದರ ಮಸಿಯಲ್ಲಿ ಕ್ಲೋರಿನ್ನಿಗೆ ಬ್ರೋಮಿನ್ನಿನ ಅನುಪಾತವನ್ನು ಅಳೆದ ಬರ್ಲಿನ್ನಿನ ಇರಾ ರಾಬಿನ್ ತಂಡ, ಆ ಮಸಿಯನ್ನು ಅದೇ ಪ್ರದೇಶದ ನೀರಿನಲ್ಲಿ ಕಲಸಿರಬೇಕೆಂದು ತರ್ಕಿಸಿತು.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಇಟಲಿಯ ಹರ್ಕ್ಯುಲೇನಿಯಮ್‌ನದು. ಕ್ರಿ.ಶ. 79ರಲ್ಲಿ ವೆಸುವಿಯಸ್ ಸ್ಫೋಟಿಸಿದಾಗ ಅಲ್ಲಿನ ಗ್ರಂಥಾಲಯದ ಪಪೈರಸ್ ಸುರುಳಿಗಳು ಇದ್ದಿಲಾದವು. ಬಿಚ್ಚಿದರೆ ಪುಡಿ. ಹಾಳೆಯೂ ಇಂಗಾಲ, ಮಸಿಯೂ ಇಂಗಾಲ. 2016ರಲ್ಲಿ ಎರಡು ತುಣುಕುಗಳ ಮಸಿಯಲ್ಲಿ ಸೀಸ ಪತ್ತೆಯಾಯಿತು. ಬಿಚ್ಚದ ಸುರುಳಿಗಳ ಎಕ್ಸ್‌ರೇ ಚಿತ್ರಗಳಲ್ಲಿ ಮಸಿ ಒಣಗಿದ ಜಾಗದ ಸೂಕ್ಷ್ಮ ಬಿರುಕುಗಳನ್ನು ಗುರುತಿಸಲು ಆಮೇಲೆ ಕಂಪ್ಯೂಟರಿಗೆ ಕಲಿಸಲಾಯಿತು. 2024ರ ಫೆಬ್ರುವರಿಯಲ್ಲಿ ಮೂವರು ಯುವಕರು, ಬಿಚ್ಚದ ಸುರುಳಿಯಿಂದ 2,000ಕ್ಕೂ ಹೆಚ್ಚು ಗ್ರೀಕ್ ಅಕ್ಷರಗಳನ್ನು ಹೊರತೆಗೆದು ಏಳು ಲಕ್ಷ ಡಾಲರ್ ಬಹುಮಾನ ಪಡೆದರು.

ಮಸಿಯಲ್ಲಿ ಅಕ್ಷರವಷ್ಟೇ ಅಲ್ಲ, ಅದನ್ನು ಕಲಸಿದ ಊರಿನ ಸುಳಿವೂ ಇರಬಲ್ಲದು. ಆದ್ದರಿಂದ ಮನೆಯಲ್ಲಿ ಹಿರಿಯರ ಓಲೆಗರಿಗಳಿದ್ದರೆ, ಅಕ್ಷರ ಮಾಸಿದೆಯೆಂದು ನೀವಾಗಿ ಕಾಡಿಗೆ ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ. ಹೊಸ ಮಸಿ ಹಳೆಯದರಲ್ಲಿ ಬೆರೆತರೆ ಬೇರ್ಪಡಿಸುವುದು ಕಷ್ಟ. ಮೊದಲು ತಜ್ಞರಿಗೆ ತೋರಿಸಿ. ಸಾಧ್ಯವಾದರೆ ಅತಿಗೆಂಪು ಚಿತ್ರ ತೆಗೆಸಿಡಿ.