ಪಾಪ, ವಿಮೋಚನೆ ಮತ್ತು ಪಂಡಿತಾ ರಮಾಬಾಯಿ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನಲ್ಲಿ ಪಾಲಬಾವಿ ಎಂಬ ಊರುಂಟು. ಹೆಸರಿನಲ್ಲಿಯೇ ಬಾವಿಯನ್ನು ಹೊತ್ತ ಇಂತಹ ಊರುಗಳು ಕನ್ನಡ ನಾಡಿನಲ್ಲಿ ಒಂದೆರಡಲ್ಲ. ಆದರೆ ಹಿಂದಿನ ಕಾಲದ ಹಳ್ಳಿಗಳಲ್ಲಿ ಬಾವಿಯೆಂದರೆ ಬರಿಯ ನೀರಿನ ತಾಣವಾಗಿರಲಿಲ್ಲ. ಯಾರು ಹಗ್ಗವನ್ನು ಇಳಿಬಿಡಬಹುದು, ಯಾರು ದೂರ ನಿಂತು ಕೊಡಕ್ಕೆ ನೀರು ಹೊಯ್ಯಿಸಿಕೊಳ್ಳಬೇಕು, ಯಾವ ಹೆಂಗಸು ಬಂದಾಗ ಉಳಿದವರು ಮಾತು ನಿಲ್ಲಿಸಿ ಮುಖ ತಿರುಗಿಸುತ್ತಾರೆ ಎಂಬುದೆಲ್ಲ ತೀರ್ಮಾನವಾಗುತ್ತಿದ್ದುದು ಬಾವಿಕಟ್ಟೆಯ ಮೇಲೆಯೇ. ಮಡಿ ಮೈಲಿಗೆಗಳನ್ನು ಊರು ದಿನವೂ ಅಳೆದು ನೋಡುತ್ತಿದ್ದ ಸ್ಥಳವದು.

ಪಾಪವೆಂದರೇನು, ಅದರಿಂದ ಬಿಡುಗಡೆ ಹೇಗೆ ಎಂಬ ವಿಚಾರದಲ್ಲಿ ಕ್ರೈಸ್ತರು ಮತ್ತೆ ಮತ್ತೆ ನೆನೆಯುವ ಕಥೆಗಳಲ್ಲೊಂದು ನಡೆಯುವುದೂ ಬಾವಿಯ ಬಳಿಯಲ್ಲಿಯೇ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಉರಿಬಿಸಿಲಿನ ನಡುಹಗಲು. ದಾರಿ ನಡೆದು ದಣಿದ ಯೇಸು ಸಮಾರ್ಯದ ಒಂದು ಬಾವಿಯ ಬಳಿ ಕುಳಿತಿದ್ದಾನೆ. ಒಬ್ಬಳೇ ನೀರಿಗೆ ಬಂದ ಹೆಂಗಸನ್ನು ಕುಡಿಯಲು ನೀರು ಕೇಳುತ್ತಾನೆ. ಯೆಹೂದ್ಯರಿಗೂ ಸಮಾರ್ಯರಿಗೂ ಹೊಕ್ಕು ಬಳಕೆಯಿಲ್ಲದ ಕಾಲವದು. ಆಕೆಗೆ ಸಹಜವಾಗಿಯೇ ಅಚ್ಚರಿಯಾಗುತ್ತದೆ. ಆಕೆಗೆ ಐವರು ಗಂಡಂದಿರಿದ್ದರು, ಈಗ ಜೊತೆಗಿರುವವನು ಗಂಡನಲ್ಲ ಎಂಬುದು ಆತನಿಗೆ ಗೊತ್ತು. ಅದನ್ನು ಆತ ಮುಚ್ಚಿಡುವುದೂ ಇಲ್ಲ, ಹಾಗೆಂದು ಆಕೆಯನ್ನು ಹೊಡೆದಟ್ಟುವುದೂ ಇಲ್ಲ. ನಿಜವಾದ ಆರಾಧನೆ ಯಾವುದೆಂಬ ಗಹನವಾದ ಮಾತನ್ನು ಆಕೆಯೊಡನೆಯೇ ಆಡುತ್ತಾನೆ. ಆಕೆ ಕೊಡವನ್ನು ಅಲ್ಲಿಯೇ ಬಿಟ್ಟು ಊರೊಳಕ್ಕೆ ಓಡುತ್ತಾಳೆ.

ಆಕೆಯನ್ನು ಪಾಪಿಯೆಂದು ಆ ಕಥೆ ಎಲ್ಲಿಯೂ ಕರೆದಿಲ್ಲವೆಂಬುದನ್ನು ಗಮನಿಸಬೇಕು. ಐವರು ಗಂಡಂದಿರಲ್ಲಿ ಎಷ್ಟು ಮಂದಿ ಸತ್ತರೋ, ಎಷ್ಟು ಮಂದಿ ಬಿಟ್ಟುಹೋದರೋ ಯಾರೂ ಹೇಳಿಲ್ಲ. ಹೆಸರಿಟ್ಟವರು ಅನಂತರದ ಓದುಗರು.

ಈ ಕಥೆಯನ್ನು 1880ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕುಳಿತು ಕೇಳಿದವಳೊಬ್ಬಳು ಕನ್ನಡ ನಾಡಿನಲ್ಲಿ ಹುಟ್ಟಿದ ವಿಧವೆ. ಪಂಡಿತಾ ರಮಾಬಾಯಿ ಎಂಬ ಹೆಸರು ಮಹಾರಾಷ್ಟ್ರಕ್ಕೆ ಸೇರಿದ್ದೆಂದು ಬಹುಮಂದಿ ತಿಳಿದಿರುವುದುಂಟು. ಆದರೆ ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸಮೀಪದ ಮಾಳದವರು. ಆಕೆ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ಸಂಪ್ರದಾಯಸ್ಥರ ವಿರೋಧವನ್ನು ಕಟ್ಟಿಕೊಂಡು ಆ ಶಾಸ್ತ್ರಿಗಳು ಕಾಡು ಸೇರಿದ್ದರು. ಮಗು ಆರು ತಿಂಗಳದಾಗಿದ್ದಾಗ ಮನೆ ಬಿಟ್ಟು ಹೊರಟ ಸಂಸಾರ ಆಮೇಲೆ ಒಂದೆಡೆ ನೆಲೆ ನಿಲ್ಲಲಿಲ್ಲ. ಊರೂರಿನಲ್ಲಿ ಪುರಾಣ ಹೇಳುವುದು, ತೀರ್ಥಗಳಲ್ಲಿ ಮುಳುಗುವುದು, ಬಂದ ದಕ್ಷಿಣೆಯಲ್ಲಿ ದಾನಮಾಡಿ ಪುಣ್ಯ ಕೂಡಿಸುವುದು, ಇದೇ ಅವರ ಬಾಳು.

1870ರ ದಶಕದ ಕ್ಷಾಮ ಈ ಲೆಕ್ಕವನ್ನೆಲ್ಲ ಒರಸಿಹಾಕಿತು. ಇದ್ದ ಹಣವನ್ನು ವ್ರತಕ್ಕೂ ದಾನಕ್ಕೂ ಸುರಿದರು, ದೇವತೆಗಳು ಒಲಿಯಲಿಲ್ಲ. ಕೂಲಿ ಮಾಡೋಣವೆಂದರೆ ಶಾಸ್ತ್ರ ಬಲ್ಲ ಕೈಗಳಿಗೆ ಬೇರೆ ಕೆಲಸ ಬಾರದು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಸತ್ತರು. ಉಳಿದ ಅಣ್ಣತಂಗಿಯರು ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಹುಡುಗಿಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ಆಕೆ ಧರ್ಮಶಾಸ್ತ್ರಗಳನ್ನು ಓದತೊಡಗಿದಾಗ, ಬೇರೆ ನೂರು ವಿಷಯಗಳಲ್ಲಿ ಜಗಳವಾಡುವ ಗ್ರಂಥಗಳು ಹೆಣ್ಣನ್ನು ಕೀಳೆನ್ನುವುದರಲ್ಲಿ ಮಾತ್ರ ಒಂದಾಗಿರುವಂತೆ ಆಕೆಗೆ ಕಂಡಿತು. ಪುಣ್ಯ ಗಳಿಸಿ ಗಂಡಾಗಿ ಹುಟ್ಟಿದ ಮೇಲಲ್ಲವೆ ಹೆಣ್ಣಿಗೆ ಮೋಕ್ಷದ ಮಾತು! ಈ ತೀರ್ಪು ಕ್ಷಾಮದಲ್ಲಿ ಬೆಂದವಳ ತೀರ್ಪು. ಅಕ್ಕಮಹಾದೇವಿಯನ್ನು ಬಲ್ಲ ಕನ್ನಡಿಗರಿಗೆ ಅದು ಪೂರ್ಣವಾಗಿ ತೋರದು. ಆದರೂ ಅದನ್ನು ಸುಳ್ಳೆಂದು ತಳ್ಳಿಬಿಡುವಂತಿಲ್ಲ.

1882ರಲ್ಲಿ ಗಂಡ ತೀರಿಕೊಂಡ. ಕೈಯಲ್ಲೊಂದು ಹೆಣ್ಣುಮಗು. ಮರುವರ್ಷ ಇಂಗ್ಲೆಂಡಿಗೆ ಹೋದ ರಮಾಬಾಯಿ ವಾಂಟೇಜ್ ಎಂಬಲ್ಲಿ ಕ್ರೈಸ್ತ ಸಂನ್ಯಾಸಿನಿಯರೊಡನೆ ಉಳಿದು, 1883ರ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ ಪಡೆದಳು. ಆ ಸಂನ್ಯಾಸಿನಿಯರು ಲಂಡನ್ನಿನ ಫುಲಂ ಭಾಗದಲ್ಲಿ, ಸಮಾಜ 'ಕೆಟ್ಟವರು' ಎಂದು ಹೊರದೂಡಿದ ಹೆಂಗಸರಿಗಾಗಿ ಒಂದು ಆಶ್ರಯಧಾಮವನ್ನು ನಡೆಸುತ್ತಿದ್ದರು. ಅಲ್ಲಿಗೆ ಹೋದ ರಮಾಬಾಯಿ ಕಂಡದ್ದು ಶಿಕ್ಷೆಗೊಳಗಾದವರನ್ನಲ್ಲ. ಅದೇ ದಾರಿಯಿಂದ ಹಿಂದಿರುಗಿ ಈಗ ರೋಗಿಗಳ ಸೇವೆಯಲ್ಲಿ ತೊಡಗಿದ್ದ ಹೆಂಗಸರನ್ನು. ಇಂಥವರನ್ನು ಎತ್ತಿಕೊಳ್ಳಬೇಕೆಂದು ನಿಮಗೆ ಹೇಳಿಕೊಟ್ಟವರು ಯಾರೆಂದು ಆಕೆ ಕೇಳಿದಳು. ಉತ್ತರವಾಗಿ ಒಬ್ಬ ಸಂನ್ಯಾಸಿನಿ ಓದಿ ಹೇಳಿದ್ದೇ ಸಮಾರ್ಯದ ಬಾವಿಯ ಕಥೆ. 1907ರಲ್ಲಿ ಬರೆದ ಆತ್ಮನಿವೇದನೆಯಲ್ಲಿ ರಮಾಬಾಯಿ ಇದನ್ನು ತಾನೇ ದಾಖಲಿಸಿದ್ದಾಳೆ.

ಆಕೆಯನ್ನು ಅಷ್ಟು ಕಲಕಿದ ಅಂಶ ಯಾವುದು? 'ಪಾಪ' ಎಂಬ ಶಬ್ದ ಕನ್ನಡಿಗರಿಗೆ ಹೊಸದಲ್ಲ. 'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆಯಲ್ಲಿ ಕರ್ಮಸಿದ್ಧಾಂತವೇ ಅಡಗಿದೆ. ಮಾಡಿದ ಕೃತ್ಯ, ಅದಕ್ಕೆ ತಕ್ಕ ಫಲ, ಉಂಡೇ ತೀರಿಸಬೇಕಾದ ಲೆಕ್ಕ. ನೋವಿನಲ್ಲಿರುವವನನ್ನು ಕಂಡು 'ಅಯ್ಯೋ ಪಾಪ' ಎನ್ನುವಾಗ ಆ ಲೆಕ್ಕ ಕನಿಕರದ ಉಡುಪು ತೊಟ್ಟು ಹೊರಬರುತ್ತದೆ. ಕ್ರೈಸ್ತರ ಎಣಿಕೆ ಬೇರೆ ಕಡೆಯಿಂದ ಹೊರಡುತ್ತದೆ. ಹೊಸ ಒಡಂಬಡಿಕೆಯಲ್ಲಿ ಪಾಪಕ್ಕಿರುವ ಗ್ರೀಕ್ ಶಬ್ದ 'ಹಮಾರ್ತಿಯ'. ಬಾಣ ಗುರಿ ತಪ್ಪಿತು ಎಂಬಂಥ ಅರ್ಥ ಅದಕ್ಕುಂಟು. ಕಳ್ಳತನ, ಸುಳ್ಳು, ವ್ಯಭಿಚಾರಗಳು ರೋಗದ ಲಕ್ಷಣಗಳಿದ್ದಂತೆ. ದೇವರ ಕಡೆಗಿರಬೇಕಾದ ಮುಖ ತನ್ನ ಕಡೆಗೇ ತಿರುಗಿಕೊಂಡದ್ದು ರೋಗ. ಈ ರೋಗದಲ್ಲಿ ಊರ ಗೌಡನೂ ಊರು ಹೊರಗಿಟ್ಟವಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಅಗಸ್ಟೀನನು ಇದನ್ನೇ ಮುಂದುವರಿಸಿ, ಹುಟ್ಟಿನೊಡನೆಯೇ ಬರುವ ಜನ್ಮಪಾಪದ ಸಿದ್ಧಾಂತವನ್ನು ಕಟ್ಟಿದನು. ಪೂರ್ವದೇಶದ ಕ್ರೈಸ್ತಸಭೆಗಳು ಅದನ್ನು ಅದೇ ರೂಪದಲ್ಲಿ ಒಪ್ಪಿಕೊಂಡಿಲ್ಲ.

'ವಿಮೋಚನೆ' ಎಂಬುದಂತೂ ಹುಟ್ಟಿನಲ್ಲಿ ಸಾಲಸೋಲದ ಮಾತು. ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಒಂದು ಕಟ್ಟಳೆಯಿದೆ. ಬಡತನದಿಂದ ಒಬ್ಬನು ಹೊಲ ಮಾರಿದರೆ, ಅಥವಾ ಪರದೇಶಿಯೊಬ್ಬನಿಗೆ ತನ್ನನ್ನೇ ಮಾರಿಕೊಂಡರೆ, ಹತ್ತಿರದ ಬಂಧು ಬೆಲೆ ತೆತ್ತು ಬಿಡಿಸಿಕೊಳ್ಳಬಹುದು. ಹಾಗೆ ಬಿಡಿಸಿಕೊಳ್ಳುವ ಬಂಧುವೇ 'ವಿಮೋಚಕ'. ಜೀತವನ್ನೂ ಅಡವನ್ನೂ ಕಂಡ ಬೆಳಗಾವಿ ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಡವಿಟ್ಟ ಒಡವೆ ಸಾಹುಕಾರನ ಪೆಟ್ಟಿಗೆಯಿಂದ ತಾನಾಗಿ ಎದ್ದು ಬರಲಾರದು. ಹಾಗೆಂದು ಪೆಟ್ಟಿಗೆಯಲ್ಲಿದ್ದ ಮಾತ್ರಕ್ಕೆ ಬಂಗಾರ ಹಿತ್ತಾಳೆಯಾಗುವುದೂ ಇಲ್ಲ. ಯೇಸುವಿನ ಶಿಲುಬೆಯ ಮರಣವನ್ನು ಕ್ರೈಸ್ತರು ಹೀಗೆ ತೆತ್ತ ಬೆಲೆಯೆಂದು ನಂಬುತ್ತಾರೆ. ವಿಮೋಚನೆ, ಮುಕ್ತಿ, ಮೋಕ್ಷ ಮೂರೂ ಒಂದೇ ಧಾತುವಿನ ಮಕ್ಕಳು. ಆದರೆ ಮೋಕ್ಷ ಜನನಮರಣಗಳ ಚಕ್ರದಿಂದ ಬಿಡುಗಡೆ. ಇದು ಕಳೆದುಹೋದ ವಸ್ತು ಒಡೆಯನ ಮನೆಗೆ ಮರಳುವ ಬಿಡುಗಡೆ.

ಒಬ್ಬನ ಸಾಲವನ್ನು ಇನ್ನೊಬ್ಬ ತೀರಿಸುವುದು ಸರಿ, ಒಬ್ಬನ ತಪ್ಪನ್ನು ಇನ್ನೊಬ್ಬ ಹೊರುವುದು ನ್ಯಾಯವೆ? ಈ ಪ್ರಶ್ನೆಯನ್ನು ಕರ್ಮವಾದಿಗಳಷ್ಟೇ ಕೇಳಿದ್ದಲ್ಲ. ಮನುಷ್ಯನಿಂದ ದೇವರ ಗೌರವಕ್ಕೆ ಬಂದ ಕುಂದನ್ನು ದೇವಮಾನವನೊಬ್ಬನೇ ತುಂಬಿಕೊಡಬಲ್ಲನೆಂದು ಹನ್ನೊಂದನೆಯ ಶತಮಾನದ ಆನ್ಸೆಲ್ಮನು ವಾದಿಸಿದರೆ, ಶಿಲುಬೆಯ ಪ್ರೀತಿಯನ್ನು ಕಂಡು ಮನುಷ್ಯನ ಮನಸ್ಸು ಕರಗುವುದರಲ್ಲಿಯೇ ಬಿಡುಗಡೆಯಿದೆಯೆಂಬ ದಾರಿಯನ್ನು ಅಬೆಲಾರ್ಡನು ಹಿಡಿದನು. ಸಮಾಧಾನ ಇನ್ನೂ ಮುಗಿದಿಲ್ಲ. ತನ್ನ ಯೋಗ್ಯತೆಯಿಂದ ಅಲ್ಲ, ಕೃಪೆಯಿಂದಲೇ ಉದ್ಧಾರವೆಂದು ಮೊರೆಯಿಟ್ಟ ಶರಣರನ್ನೂ ದಾಸರನ್ನೂ ಬಲ್ಲವರಿಗೆ ಈ ಭಾವವೇನೂ ಅಪರಿಚಿತವಲ್ಲ. ಒಮ್ಮೆ ನಡೆದ ಒಂದು ಮರಣದಿಂದ ಅದು ಎಲ್ಲರಿಗೂ ದೊರೆಯಿತೆಂಬಲ್ಲಿ ಮಾತ್ರ ದಾರಿಗಳು ಬೇರೆಯಾಗುತ್ತವೆ.

ರಮಾಬಾಯಿ ಒಪ್ಪಿಸಿದ್ದನ್ನೆಲ್ಲ ಒಪ್ಪುವ ಶಿಷ್ಯೆಯಾಗಿರಲಿಲ್ಲ. ತ್ರಿಯೇಕತ್ವದ ತತ್ತ್ವವನ್ನು ಪ್ರಶ್ನಿಸಿದಳು. ಅಹಂಕಾರವೆಂದು ವಾಂಟೇಜಿನಲ್ಲಿ ಬೈಸಿಕೊಂಡಳು. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, 1891ರಲ್ಲಿ, ತನಗೆ ಸಿಕ್ಕಿದ್ದು ಕ್ರೈಸ್ತ ಮತವೇ ಹೊರತು ಕ್ರಿಸ್ತನಲ್ಲವೆಂದು ಆಕೆಗೆ ಮನವರಿಕೆಯಾಯಿತು. ಅಲ್ಲಿಯವರೆಗೆ ದಿಕ್ಕಿಲ್ಲದವರಿಗೆ ಉಪಕಾರ ಮಾಡುವವಳಾಗಿದ್ದ ವಿದುಷಿ ಅಂದಿನಿಂದ ತನ್ನನ್ನೂ ಆ ಬಾವಿಕಟ್ಟೆಯ ಹೆಂಗಸಿನ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ವಿಧವೆಯರಿಗಾಗಿ 1889ರಲ್ಲಿ ತೆರೆದಿದ್ದ ಶಾರದಾ ಸದನದಲ್ಲಿ ಮತಾಂತರ ನಡೆಯುತ್ತದೆಂದು 1893ರಲ್ಲಿ ಪುಣೆಯಲ್ಲಿ ಕೋಲಾಹಲವೆದ್ದು, ಅನೇಕ ತಂದೆತಾಯಿಗಳು ಹುಡುಗಿಯರನ್ನು ಕರೆದೊಯ್ದರು. ನಂಬಿ ಮಕ್ಕಳನ್ನು ಕಳಿಸಿದ ತಂದೆಯರ ಕಳವಳ ಅಕಾರಣವಾದುದೆಂದು ಹೇಳುವುದು ಕಷ್ಟ.

ಅದಾದ ಮೇಲೆ ಕ್ಷಾಮ ಮತ್ತೆ ಬಂತು. 1896–97ರಲ್ಲಿ ಮಧ್ಯಪ್ರಾಂತದಿಂದ, 1900ರಲ್ಲಿ ಗುಜರಾತದಿಂದ ಹಸಿದ ಹೆಂಗಸರನ್ನೂ ಮಕ್ಕಳನ್ನೂ ಆಕೆ ಪುಣೆಯ ಸಮೀಪದ ಕೇಡಗಾಂವಿಗೆ ಕರೆತಂದಳು. ಆ ನೆಲೆಗೆ ಇಟ್ಟ ಹೆಸರು 'ಮುಕ್ತಿ'. ಕೆಡಿಸಲ್ಪಟ್ಟು ಬೀದಿಗೆ ಬಿದ್ದವರಿಗಾಗಿ ಅಲ್ಲಿಯೇ 'ಕೃಪಾಸದನ' ಎದ್ದಿತು. ಅಲ್ಲಿ ಪ್ರಾರ್ಥನೆಯೊಂದೇ ಅಲ್ಲ, ನೇಯ್ಗೆ, ಒಕ್ಕಲುತನ, ಅಚ್ಚಿನ ಕೆಲಸ ಎಲ್ಲವೂ ನಡೆದುವು. ಶಾಸ್ತ್ರ ಬಲ್ಲ ಕೈಗಳು ಕೂಲಿ ತಿಳಿಯದೆ ಉಪವಾಸ ಬಿದ್ದುದನ್ನು ಕಂಡವಳಿಗೆ, ಬಿಡಿಸಿಕೊಂಡು ಬಂದವರ ಕೈಗೆ ಕಸುಬು ಕೊಡದೆ ಬಿಡುಗಡೆ ಪೂರ್ತಿಯಾಗದೆಂಬುದು ಗೊತ್ತಿತ್ತು.

ಕೊನೆಯ ವರ್ಷಗಳಲ್ಲಿ ಆಕೆ ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು, ಓದುಬರಹ ಬಲ್ಲ ಸಾಧಾರಣ ಹೆಂಗಸಿಗೂ ತಿಳಿಯುವಂಥ ಮರಾಠಿಯಲ್ಲಿ ಬೈಬಲನ್ನು ಅನುವಾದಿಸಿದಳು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡಳು. 1922ರ ಏಪ್ರಿಲ್ 5ರಂದು ರಮಾಬಾಯಿಯೂ ಕಣ್ಣು ಮುಚ್ಚಿದಳು. ಆ ಬೈಬಲು 1924ರಲ್ಲಿ ಹೊರಬಂದಿತು.